ಸೌದೆ ಜಗಳ ಮತ್ತು ಸೈತಾನ

ಮಗಳಿಗೆ ಈ ವರ್ಷ ಇಂಗ್ಲಿಷ್ ಕ್ಲಾಸಿನಲ್ಲಿ ಆರ್ಥರ್ ಮಿಲ್ಲರ್ ಬರೆದ ‘ದಿ ಕ್ರೂಸಿಬಲ್’ ನಾಟಕ ಪಾಠಕ್ಕಿದೆ. ಮಾಟ ಮಾಡಿದರೆಂದು 1692ರಲ್ಲಿ ಊರವರನ್ನೇ ವಿಚಾರಣೆಗೆಳೆದು ಕೊಂದ ಕಥೆ. ನಾವಿರುವುದು ಬಾಸ್ಟನ್ ಪಕ್ಕ. ನಾಟಕ ನಡೆಯುವ ಸೇಲಂ ಇಲ್ಲಿಂದ ಮುಕ್ಕಾಲು ಗಂಟೆ ದಾರಿ. (ತಮಿಳುನಾಡಿನ ಸೇಲಂ ಅಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಎರಡು ಸಲ ಹೇಳಬೇಕಾಯಿತು.) ಸರಿ, ನೋಡಿಕೊಂಡೇ ಬರೋಣ ಎಂದು ಹೊರಟೆವು.

ಅಕ್ಟೋಬರಿನಲ್ಲಿ ಹೋಗಬಾರದಿತ್ತು. ಹ್ಯಾಲೋವೀನ್ ಜಾತ್ರೆ. ಎಲ್ಲಿ ನೋಡಿದರೂ ಚೂಪು ಟೋಪಿ, ಕೈಯಲ್ಲಿ ಪೊರಕೆ. ಪೊಲೀಸ್ ಕಾರಿನ ಬಾಗಿಲ ಮೇಲೂ ಮಾಟಗಾತಿಯ ಚಿತ್ರ! ಆದರೆ ಆ ಗದ್ದಲದ ನಡುವೆಯೇ ಹಳೇ ಸ್ಮಶಾನಕ್ಕೆ ಅಂಟಿಕೊಂಡು ಒಂದು ಕಲ್ಲಿನ ಆವರಣವಿದೆ. ಒಳಗೆ ಕಾಲಿಡುವ ಜಾಗದಲ್ಲೇ, ನೆಲಹಾಸಿನ ಮೇಲೆ, ‘ನಾನು ನಿರಪರಾಧಿ’ ಎಂದು 1692ರಲ್ಲಿ ಅಂಗಲಾಚಿದವರ ಮಾತುಗಳನ್ನು ಕೆತ್ತಿದ್ದಾರೆ. ಕೆಲವು ವಾಕ್ಯ ಪೂರ್ತಿಯಾಗುವುದಿಲ್ಲ. ಅರ್ಧಕ್ಕೇ ಗೋಡೆಯ ಕೆಳಗೆ ಹೋಗಿಬಿಡುತ್ತವೆ. ಗೋಡೆಯಿಂದ ಚಾಚಿಕೊಂಡಿರುವ 20 ಕಲ್ಲುಬೆಂಚುಗಳ ಮೇಲೆ 20 ಹೆಸರು, ಸತ್ತ ತಾರೀಖು, ಸತ್ತ ರೀತಿ. ಯಾರನ್ನೂ ಸುಡಲಿಲ್ಲ. 19 ಜನರನ್ನು ಗಲ್ಲಿಗೆ ಹಾಕಿದರು. ಜೈಲ್ಸ್ ಕೋರಿ ಎಂಬ ಮುದುಕನ ಮೇಲೆ ಕಲ್ಲು ಹೇರಿ ಹೇರಿ ಸಾಯಿಸಿದರು.

ನಿಜವಾಗಿ ಗಲಾಟೆ ಶುರುವಾದದ್ದು ಇಲ್ಲಲ್ಲ. ಆಗಿನ ಸೇಲಂ ವಿಲೇಜಿನಲ್ಲಿ, ಅಂದರೆ ಈಗಿನ ಡ್ಯಾನ್ವರ್ಸ್‌ನಲ್ಲಿ. ಅಲ್ಲಿಗೂ ಹೋದೆವು. ಜನರ ಮನೆಗಳ ಸಂದಿನಲ್ಲಿ ಒಂದು ಕಾಲುದಾರಿ. ಕೊನೆಗೆ ನೆಲದೊಳಗೆ ಕಲ್ಲು ಕಟ್ಟಿದ ಒಂದು ಗುಂಡಿ. ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯ ಅಡಿಪಾಯ ಇದು, 1970ರಲ್ಲಿ ಅಗೆದಾಗ ಸಿಕ್ಕಿದ್ದು. ಇಷ್ಟೇನಾ ಅನಿಸಿತು. ಊರೆಲ್ಲ ನಡುಗಿದ್ದು ಇಷ್ಟು ಜಾಗದಿಂದ.

ಈ ಪಾದ್ರಿಗೂ ಊರಿಗೂ ಆಗಿಬರುತ್ತಿರಲಿಲ್ಲ. 1691ರ ಅಕ್ಟೋಬರಿನಲ್ಲಿ ಊರ ಸಮಿತಿ ಅವನ ಸಂಬಳಕ್ಕೆ ತೆರಿಗೆ ಎತ್ತುವುದಿಲ್ಲ ಎಂದಿತು. ಒಲೆಗೆ ಸೌದೆ ಕೊಡುವ ವಿಷಯಕ್ಕೂ ಜಗಳ. ಇಲ್ಲಿನ ಚಳಿಯಲ್ಲಿ ಸೌದೆಯಿಲ್ಲದ ಮನೆ ಅಂದರೆ ಏನೆಂದು ಇಲ್ಲಿ ಒಂದು ಜನವರಿ ಕಳೆದವರಿಗೆ ಹೇಳಬೇಕಿಲ್ಲ. ಅಂಥ ಚಳಿಯಲ್ಲೇ ಅವನ 9 ವರ್ಷದ ಮಗಳು ಬೆಟಿ, ಜೊತೆಗಿದ್ದ 11ರ ಅಬಿಗೇಲ್ ಮೈ ತಿರುಚಿಕೊಂಡು ಕಿರುಚತೊಡಗಿದರು. (ನಾಟಕದಲ್ಲಿ ಅಬಿಗೇಲ್‌ಗೆ 17. ಪ್ರೇಮ ಪ್ರಸಂಗ ಸೇರಿಸಲು ಮಿಲ್ಲರ್ ವಯಸ್ಸು ಏರಿಸಿದ್ದು. ಅವಳ ಪ್ರಿಯಕರನಾಗುವ ಜಾನ್ ಪ್ರಾಕ್ಟರ್‌ಗೆ ನಿಜದಲ್ಲಿ ಅರವತ್ತರ ಆಸುಪಾಸು.)

ಪಕ್ಕದ ಮನೆಯ ಹೆಂಗಸೊಬ್ಬಳ ಸಲಹೆಯಂತೆ ಹುಡುಗಿಯರ ಮೂತ್ರ ಸೇರಿಸಿ ರೈ ಹಿಟ್ಟಿನ ರೊಟ್ಟಿ ಸುಟ್ಟು ನಾಯಿಗೆ ಹಾಕಿದರು, ಮಾಟ ಮಾಡಿದವರು ಯಾರೆಂದು ಗೊತ್ತಾಗಲಿ ಎಂದು. ಇದನ್ನು ಓದಿದಾಗ ನನಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ‘ನೋಡು, ಘಾಟೇ ಬರಲಿಲ್ಲ’ ಎನ್ನುತ್ತಿದ್ದ ಅಜ್ಜಿ ನೆನಪಾದರು. ಪ್ಯಾರಿಸ್ ಮಾತ್ರ ಕೆಂಡವಾದ. ಸೈತಾನನನ್ನು ಹಿಡಿಯಲು ಸೈತಾನನ ಸಹಾಯವೇ ಅಂತ. ಆ ಹೆಂಗಸು ಚರ್ಚಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕಾಯಿತು.

ಪ್ಯೂರಿಟನ್ನರು, ಅಂದರೆ ಬೈಬಲಿನಲ್ಲಿ ಇಲ್ಲದ್ದು ಬೇಡ ಎನ್ನುತ್ತಿದ್ದ ಕಟ್ಟಾ ಕ್ರೈಸ್ತರು, ಇವರೇ. ಕ್ರಿಸ್‌ಮಸ್ ಹಬ್ಬವೂ ಬೈಬಲಿನಲ್ಲಿ ಇಲ್ಲ ಎಂದು, 1659ರಿಂದ 1681ರವರೆಗೆ ಆಚರಿಸಿದವರಿಗೆ 5 ಶಿಲ್ಲಿಂಗ್ ದಂಡ. ನಾಟಕ ಅಂದರೆ ಪಾಪ. ಹಾಗಂತ ಮುಠ್ಠಾಳರಲ್ಲ. 50 ಮನೆಯಿರುವ ಊರಿನಲ್ಲೆಲ್ಲ ಓದು ಬರಹ ಕಲಿಸುವವರೊಬ್ಬರು ಇರಲೇಬೇಕು ಎಂದು 1647ರಲ್ಲೇ ಕಾನೂನು ಮಾಡಿದವರು. ಯಾರು ಸ್ವರ್ಗಕ್ಕೆ, ಯಾರು ನರಕಕ್ಕೆ ಎಂದು ದೇವರು ಮೊದಲೇ ತೀರ್ಮಾನಿಸಿದ್ದಾನೆ, ಆದರೆ ನಿನ್ನ ಪಾಲಿಗೆ ಯಾವುದು ಅಂತ ನಿನಗೆ ಖಾತ್ರಿಯಿಲ್ಲ. ಇದು ಅವರ ನಂಬಿಕೆ. ಎಂಥ ಸಂಕಟ ಅಲ್ವಾ? ಹಸು ಸತ್ತರೂ ಸೂಚನೆ, ಮಗು ಕೆಮ್ಮಿದರೂ ಸೂಚನೆ. ತನ್ನೊಳಗೆ ಹುಡುಕಿ ಸಾಕಾದವನು ಪಕ್ಕದವನ ಕಡೆ ನೋಡುತ್ತಾನೆ.

ಮಗಳಿಗೆ ಅರ್ಥವಾಗದ್ದು ಒಂದೇ. ‘ಅಮ್ಮಾ, ಒಪ್ಪಿಕೊಂಡವರು ಬದುಕ್ತಿದ್ರಲ್ಲ? ಸುಮ್ನೆ ಹೂಂ ಅನ್ನಬಹುದಿತ್ತು.’

ಹೌದು. ‘ನಾನು ಮಾಟಗಾತಿ’ ಎಂದು ಒಪ್ಪಿಕೊಂಡು ಆ ಮಾತಿಗೇ ನಿಂತವರಲ್ಲಿ ಒಬ್ಬರನ್ನೂ ಗಲ್ಲಿಗೇರಿಸಲಿಲ್ಲ. ಸತ್ತವರೆಲ್ಲ ‘ನಾನಲ್ಲ’ ಎಂದವರೇ. 71ರ ರೆಬೆಕಾ ನರ್ಸ್ ಹಾಗೆ ಸತ್ತ ಅಜ್ಜಿ. ಜೀವಕ್ಕಾಗಿ ಸುಳ್ಳಾಡಿದರೆ ಆತ್ಮವೇ ಹೋಯಿತು ಎಂಬುದು ಅವರ ಲೆಕ್ಕ. ಗಲ್ಲಿಗೆ ಹಾಕಿದವರು, ಗಲ್ಲಿಗೆ ಹೋದವರು ಓದುತ್ತಿದ್ದದ್ದು ಒಂದೇ ಬೈಬಲ್, ಹೆದರುತ್ತಿದ್ದದ್ದು ಒಂದೇ ನರಕಕ್ಕೆ. ಇಷ್ಟನ್ನು ಹೇಳಿದೆ. ಅವಳು ಫೋನಿನಲ್ಲಿ ಬರೆದುಕೊಂಡಳು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದಳು, ‘ನೀನಾಗಿದ್ರೆ?’

‘ತಕ್ಷಣ ಒಪ್ಪಿಕೊಂಡು ಮನೆಗೆ ಬಂದು ಅನ್ನಕ್ಕೆ ಇಡ್ತಿದ್ದೆ.’

‘ಬರೀ ಒಪ್ಪಿಕೊಂಡರೆ ಸಾಕಾಗ್ತಿರಲಿಲ್ಲಮ್ಮ. ಜೊತೆಗೆ ಯಾರ್ಯಾರಿದ್ರು ಅಂತ ಹೆಸರು ಕೇಳ್ತಿದ್ರು. ಯಾರ ಹೆಸರು ಹೇಳ್ತಿದ್ದೆ?’

ಹೋದ ಚಳಿಗಾಲದಲ್ಲಿ ನಾನು ಹಿಮ ಬಾಚಿ ತೆರವು ಮಾಡಿದ ಜಾಗದಲ್ಲಿ ದಿನಾ ತನ್ನ ಗಾಡಿ ನಿಲ್ಲಿಸುತ್ತಿದ್ದ ಎದುರು ಮನೆಯವರ ಮುಖ ಕಣ್ಣ ಮುಂದೆ ಬಂತು. ಮಗಳಿಗೆ ಹೇಳಲಿಲ್ಲ.