ಮುಂಡಿಗೆಕೆರೆಗೆ ಹೋಗುವುದಾದರೆ ಮಳೆಯಲ್ಲೇ ಹೋಗಿ

ಶಿರಸಿ ಕಡೆ ಪ್ರವಾಸ ಎಂದರೆ ಮಳೆ ಕಳೆಯಲಿ ಎನ್ನುವವರೇ ಹೆಚ್ಚು. ಸೋಂದೆಯ ಮುಂಡಿಗೆಕೆರೆಗೆ ಆ ಲೆಕ್ಕ ನಡೆಯುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯುತ್ತಿದ್ದಂತೆ ಬೆಳ್ಳಕ್ಕಿಗಳು ಇಲ್ಲಿಗೆ ಬಂದು ಗೂಡು ಕಟ್ಟುತ್ತವೆ. ಮಳೆಗಾಲ ಮುಗಿದ ಮೇಲೆ ಮರಿಗಳೊಂದಿಗೆ ಹೊರಟುಬಿಡುತ್ತವೆ. ಕ್ರಿಸ್‌ಮಸ್ ರಜೆಗೆ ಹೋದವರು ಬರೀ ಪೊದೆ ನೋಡಿ ಬರಬೇಕಾಗುತ್ತದೆ.

ನಾವು ಕಾರವಾರದಿಂದ ಜುಲೈ ಕೊನೆಯಲ್ಲಿ ಹೊರಟೆವು. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವುದು ರೂಢಿಯ ದಾರಿ. ಆದರೆ ಜೋರು ಮಳೆಯಲ್ಲಿ ಅಲ್ಲಿ ಗುಡ್ಡ ಕುಸಿಯುವುದುಂಟು, ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗಿ ಅಲ್ಲಿಂದ ಶಿರಸಿ ರಸ್ತೆ ಹಿಡಿದರೂ ಸೋಂದೆ ಸಿಗುತ್ತದೆ. ಶಿರಸಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಬಸ್ಸನ್ನು ನೆಚ್ಚಿಕೊಳ್ಳುವುದಕ್ಕಿಂತ ಸ್ವಂತ ವಾಹನ ಮೇಲು.

ಕೆರೆ ಚಿಕ್ಕದು. ಅಭಯಾರಣ್ಯದ ಕಲ್ಪನೆ ಇಟ್ಟುಕೊಂಡು ಬಂದವರಿಗೆ ಇಷ್ಟೇನಾ ಅನ್ನಿಸಬಹುದು. ನೀರಿನ ನಡುವೆ ಮುಂಡಿಗೆ ಪೊದೆಗಳು, ಗರಗಸದಂಥ ಮುಳ್ಳಿನ ಎಲೆಗಳು. ಸುತ್ತ ನೀರು, ಒಳಗೆ ಮುಳ್ಳು: ಪುನುಗು ಬೆಕ್ಕಿನಂಥ ಕಳ್ಳರು ಗೂಡು ಮುಟ್ಟುವುದು ಸುಲಭವಲ್ಲ. ಗದ್ದೆಗಳಲ್ಲಿ ಕಪ್ಪೆ, ಮೀನು, ಹುಳು ತುಂಬಿರುವ ಕಾಲವೂ ಇದೇ. ಮರಿ ಸಾಕಲು ಇನ್ನೇನು ಬೇಕು?

ಬೈನಾಕ್ಯುಲರ್ ಮರೆಯಬೇಡಿ. ಪೊದೆಯ ಮೇಲೆಲ್ಲ ಬೆಳ್ಳಕ್ಕಿ, ನೀರುಕಾಗೆ, ಅಲ್ಲಲ್ಲಿ ಕೆಂಪು ಕಣ್ಣಿನ ಇರುಳು ಬಕ. ಗೂಡಿಗೂ ಗೂಡಿಗೂ ಕೊಕ್ಕು ಚಾಚುವಷ್ಟೇ ಅಂತರ. ಒಂದು ಬೆಳ್ಳಕ್ಕಿ ಕಡ್ಡಿ ತಂದು ಸಂಗಾತಿಗೆ ಕೊಟ್ಟು ಅತ್ತ ಹಾರಿತು. ಪಕ್ಕದ ಗೂಡಿನದು ನಿಧಾನವಾಗಿ ಕತ್ತು ಉದ್ದ ಮಾಡಿ ಅದೇ ಕಡ್ಡಿಯ ತುದಿ ಹಿಡಿದು ಎಳೆಯತೊಡಗಿತು. ಒಂದು ಕ್ಷಣ ಜಗ್ಗಾಟ, ರೆಕ್ಕೆ ಬಡಿತ, ಬೈಗುಳ. ಟಿವಿಯಲ್ಲಿ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳನ್ನು ನೋಡಿದ್ದ ಅಕ್ಕನ ಮಗ, 'ಅಡೇಲಿ ಪೆಂಗ್ವಿನ್ ಕೂಡ ಹೀಗೆಯೇ ನೆರೆಯವರ ಗೂಡಿನ ಬೆಣಚುಕಲ್ಲು ಕದಿಯುತ್ತದೆ' ಎಂದ. ನಿಜವೇ. ಅಲ್ಲಿ ಕಡ್ಡಿಯಿಲ್ಲ, ಕಲ್ಲೇ ಗೂಡು. ಹಿಮ ಕರಗಿದ ನೀರು ಮೊಟ್ಟೆಗೆ ತಾಗದಂತೆ ಕಲ್ಲುಗಳನ್ನು ಒಟ್ಟಿಕೊಳ್ಳುತ್ತವೆ. ಕಳ್ಳತನವಿದ್ದರೂ ಒಟ್ಟಿಗೇ ಇರುವುದು ಯಾಕೆಂದರೆ, ಮೇಲೆ ಹದ್ದು ಕಂಡರೆ ಇಲ್ಲಿ ನೂರು ಕಣ್ಣು ಒಟ್ಟಿಗೆ ಏಳುತ್ತವೆ. ಅಲ್ಲಿ ಮೊಟ್ಟೆ ಕದಿಯುವ ಸ್ಕುವಾ ಹಕ್ಕಿಗೆ ಗುಂಪಿನ ನಡುವಿನ ಗೂಡಿಗಿಂತ ಅಂಚಿನದೇ ಸುಲಭದ ತುತ್ತು.

ದಡದಲ್ಲೇ ನಿಲ್ಲಿ. ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಿ ಫೋಟೊ ತೆಗೆಯುವ ಜಾತಿಯವರು ದಯವಿಟ್ಟು ಬೇರೆ ಊರು ನೋಡಿಕೊಳ್ಳಿ: ತಾಯಿ ಎದ್ದ ಗೂಡಿನಲ್ಲಿ ಮರಿ ಮಳೆಗೆ ನೆನೆಯುತ್ತದೆ, ಗಾಬರಿಗೆ ತಿಂದದ್ದನ್ನು ಕಕ್ಕುತ್ತದೆ. ಹಿಕ್ಕೆಯ ವಾಸನೆಯನ್ನು ಸಹಿಸಿಕೊಳ್ಳಬೇಕು. ರಕ್ತ ಹೀರುವ ಉಂಬಳಕ್ಕೆ ಉಪ್ಪು ಜೇಬಿನಲ್ಲಿರಲಿ. ಛತ್ರಿಗಿಂತ ರೇನ್‌ಕೋಟ್ ಒಳ್ಳೆಯದು, ಕೈ ಖಾಲಿ ಇರುತ್ತದೆ. ಸಂಜೆ ಹಕ್ಕಿಗಳು ಗದ್ದೆಯಿಂದ ಮರಳುವ ಹೊತ್ತಿಗೆ ಅಲ್ಲಿರಿ, ಹಗಲಿನಲ್ಲಿ ಸೋಂದೆಯ ವಾದಿರಾಜ ಮಠ ನೋಡಿಕೊಳ್ಳಿ. ಸಹಸ್ರಲಿಂಗವನ್ನು ಮಾತ್ರ ಬೇಸಿಗೆಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಶಾಲ್ಮಲೆ ನದಿ ತುಂಬಿ, ಅದರ ಬಂಡೆಗಳಲ್ಲಿ ಕೆತ್ತಿದ ಲಿಂಗಗಳೆಲ್ಲ ನೀರಿನಡಿ ಇರುತ್ತವೆ.