ಗೊತ್ತಿದ್ದವರ ಹತ್ತಿರವೇ ಕೇಳಲಿ ಬಿಡಿ

ಮಕ್ಕಳು ಏನಾದರೂ ಕೇಳಿದ ಕೂಡಲೇ ನಾವು ಮೊಬೈಲ್ ತೆಗೆದು, ಹುಡುಕಿ, ಎರಡು ಸಾಲು ಓದಿ ಹೇಳಿ ಮುಗಿಸಿಬಿಡುತ್ತೇವೆ. ಉತ್ತರ ಸರಿಯಾಗಿಯೇ ಇರಬಹುದು. ಆದರೆ ಮಗುವಿನ ಕುತೂಹಲ ಅಲ್ಲಿಗೇ ನಿಲ್ಲುತ್ತದೆ. ಅದೇ ಪ್ರಶ್ನೆಯನ್ನು ಆ ವಿಷಯದಲ್ಲೇ ಕೆಲಸ ಮಾಡುವವರ ಹತ್ತಿರ ಕೇಳಿಸಿ ನೋಡಿ.

ಅಕ್ಕನ ಮಗಳು ಐದನೇ ಕ್ಲಾಸು. ಕಾರವಾರದ ಬೀಚಿನಲ್ಲಿ ಒಂದು ರಾತ್ರಿ ಅಲೆ ಒಡೆಯುವಾಗ ನೀಲಿ ಬೆಳಕು ಕಂಡು, 'ನೀರಿಗೆ ಕರೆಂಟ್ ಬಂತಾ?' ಅಂದಳು. ಕಡಲ ಜೀವಿಗಳ ಬಗ್ಗೆ ಪಾಠ ಮಾಡುವ ಮೇಡಂ ಒಬ್ಬರ ಪರಿಚಯವಿತ್ತು, ಫೋನ್ ಮಾಡಿ ಅವಳ ಕೈಗೇ ಕೊಟ್ಟೆ. ಮೇಡಂ ಉತ್ತರ ಹೇಳಲೇ ಇಲ್ಲ. 'ಸುಮ್ನೆ ನಿಂತ ನೀರೂ ಹೊಳೀತಿತ್ತಾ ಪುಟ್ಟಿ?' ಅಂತ ತಿರುಗಿ ಕೇಳಿದರು. ಇವಳು ಅದನ್ನು ನೋಡಿರಲಿಲ್ಲ. ಮರುದಿನ ರಾತ್ರಿ ಮತ್ತೆ ಹೋದೆವು. ಅಲೆ ಒಡೆದಲ್ಲಿ, ಒದ್ದೆ ಮರಳನ್ನು ಕಾಲಿನಿಂದ ಕೆದಕಿದಲ್ಲಿ ಮಾತ್ರ ಬೆಳಕು. ತಗ್ಗಿನಲ್ಲಿ ನಿಂತ ನೀರು ಕಪ್ಪಗಿತ್ತು, ಇವಳು ಕೈ ಹಾಕಿ ಕಲಕಿದ್ದೇ ತಡ, ಬೆರಳ ಸುತ್ತ ನೀಲಿ ಮಿನುಗಿತು. ಆಮೇಲೆ ಮೇಡಂ ವಿವರಿಸಿದರು. ಅದು ನಾಕ್ಟಿಲ್ಯೂಕಾ ಎಂಬ ಜೀವಿ, ಮೈಯೆಲ್ಲಾ ಸೇರಿ ಒಂದೇ ಜೀವಕೋಶ, 2 ಮಿಲಿಮೀಟರ್ ಕೂಡ ಮೀರುವುದಿಲ್ಲ. ನೀರು ಅಲುಗಿದಾಗ ಅದರೊಳಗಿನ ಲ್ಯೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರಿ ಬೆಳಕು ಬರುತ್ತದೆ. ಇಷ್ಟನ್ನು ಮೊಬೈಲೂ ಹೇಳುತ್ತಿತ್ತು, ಆದರೆ ಮತ್ತೊಮ್ಮೆ ಹೋಗಿ ನೋಡು ಅಂತ ಹೇಳುತ್ತಿರಲಿಲ್ಲ ಅಲ್ವಾ?

ಗೊತ್ತಿದ್ದವರು ಅಂದರೆ ಡಿಗ್ರಿ ಇದ್ದವರೇ ಆಗಬೇಕಿಲ್ಲ. ಭರತ, ಅಂದರೆ ಸಮುದ್ರದ ನೀರು ಏರುವುದು, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಮ್ಮ ಮೀನುಗಾರರು ತಿಥಿ ಲೆಕ್ಕ ಹಾಕಿ ನಾಳೆಯ ಹೊತ್ತು ಹೇಳಿಬಿಡುತ್ತಾರೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ, ಅದಕ್ಕೇ ತಡ ಅಂತ ವಿಜ್ಞಾನದ ಮಾಸ್ತರು ಬಿಡಿಸಿ ಹೇಳುತ್ತಾರೆ. ಮಗು ಇಬ್ಬರ ಹತ್ತಿರವೂ ಕೇಳಬೇಕು.

ನಮ್ಮ ಜಿಲ್ಲೆಯಲ್ಲಿ ಕೇಳಲು ಜನ ಇದ್ದಾರೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಾಖೆಯೂ ಊರಲ್ಲೇ ಇದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಒಂದು ಪತ್ರ ಬರೆಯಲು ಹೇಳಿ. ಏನು ಕಂಡಿತು, ಎಲ್ಲಿ, ಎಷ್ಟು ಹೊತ್ತಿಗೆ, ಇಷ್ಟು ಇದ್ದರೆ ಸಾಕು. ದಯವಿಟ್ಟು ಮಗುವಿನ ಮಾತನ್ನು ತಿದ್ದಬೇಡಿ. 'ಕರೆಂಟ್ ಬಂತಾ' ಅಂತ ಬರೆದಿದ್ದರೆ ಹಾಗೇ ಹೋಗಲಿ, ಮಗು ಏನು ಅಂದುಕೊಂಡಿದೆ ಅಂತ ಓದುವವರಿಗೆ ಗೊತ್ತಾಗುವುದು ಅದರಿಂದಲೇ. ಉತ್ತರ ತಡವಾದರೆ ಇನ್ನೊಮ್ಮೆ ಬರೆಯಲಿ.

ಈಗ ಇವಳು ಶಿರಸಿಗೆ ಪತ್ರ ಬರೆದಿದ್ದಾಳೆ. ಮಳೆಗಾಲದಲ್ಲಿ ಘಟ್ಟದ ಕಾಡಿನ ಕೊಳೆತ ಕಟ್ಟಿಗೆ ಕೆಲವೊಮ್ಮೆ ರಾತ್ರಿ ಹಸಿರಾಗಿ ಹೊಳೆಯುತ್ತದೆ, ಅದು ಶಿಲೀಂಧ್ರದ ಬೆಳಕು ಅಂತ ಎಲ್ಲೋ ಓದಿದ್ದಳು. ಸಮುದ್ರದ್ದು ಅಲುಗಿದರೆ ಮಾತ್ರ ಹೊಳೆಯುತ್ತದೆ, ಕಾಡಿನದು ಯಾರೂ ಮುಟ್ಟದೆಯೂ ಯಾಕೆ ಹೊಳೆಯುತ್ತಲೇ ಇರುತ್ತದೆ ಅನ್ನುವುದು ಅವಳ ಪ್ರಶ್ನೆ.