ಭೀಮನ ಅಮಾವಾಸ್ಯೆ, ಟೆರೇಸ್ ಮೇಲೆ

ಆಗಸ್ಟ್ 4, 2024, ಭಾನುವಾರ. ರಾತ್ರಿ 10:20

ಇವನು ಮಲಗಿದ್ದಾನೆ. ನಾನು ಇಯರ್‌ಫೋನ್ ಹಾಕಿಕೊಂಡು ನಿನ್ನೆ ರಾತ್ರಿಯ ರೆಕಾರ್ಡಿಂಗ್ ಕೇಳುತ್ತಾ ಕೂತಿದ್ದೇನೆ. ಐದು ಗಂಟೆಯದ್ದು. ನಾಳೆ ಮಲ್ಲೇಶ್ವರದ ಅಜ್ಜಿಯ ಮಗಳಿಗೆ ಕಳಿಸಬೇಕು. ಅದಕ್ಕೂ ಮುಂಚೆ ಒಂದು ಕಡೆ ಕತ್ತರಿಸಬೇಕು.

ಹೆಸರು ಬರೆಯಬೇಡ ಅಂದಿದ್ದಾನೆ, ಹಾಗಾಗಿ 'ಇವನು'. ನಮ್ಮಮ್ಮ ಅಪ್ಪನ ಹೆಸರು ಹೇಳದೆ 'ಇವ್ರು, ಇವ್ರು' ಅಂತಲೇ ಜೀವನ ಕಳೆದಳು. ನನಗೂ ಅದೇ ಬಂತು ನೋಡಿ.

ಕೇಸು ದೊಡ್ಡದೇನಲ್ಲ. ರಾತ್ರಿ ಮೂರರ ಹೊತ್ತಿಗೆ ಅಜ್ಜಿಯ ಮನೆ ಮಹಡಿಯಲ್ಲಿ ಯಾರೋ ನಡೆದಾಡುತ್ತಾರೆ. ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರು. ಇವನು ಅದನ್ನ ನೋಡಿದವನೇ ನಕ್ಕ. ದೆವ್ವ ದಿನ ಬಿಟ್ಟು ದಿನ ಬರುತ್ತಿತ್ತು. ಆ ರಸ್ತೆಗೆ ಕಾವೇರಿ ನೀರು ಬಿಡೋದೂ ದಿನ ಬಿಟ್ಟು ದಿನ. ಎರಡು ತಿಂಗಳ ಹಿಂದೆ ಮನೆಗೆ ಬಣ್ಣ ಹೊಡೆಸಿದಾಗ ಹಳೇ ಜಿಐ ಪೈಪಿನ ಕ್ಲಾಂಪ್ ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ನೀರಿಗೆ ಮುಂಚೆ ಪೈಪಿನಲ್ಲಿ ಗಾಳಿ ನುಗ್ಗುತ್ತದಲ್ಲ, ಆಗ ಪೈಪು ಗೋಡೆಗೆ ಬಡಿಯುತ್ತೆ. ಅಷ್ಟೇ.

ಆದರೂ ಕಿವಿಯಾರೆ ಕೇಳದೆ ರಿಪೋರ್ಟ್ ಬರೆಯುವ ಪೈಕಿ ಅಲ್ಲ ಇವನು. ಮೊದಲ ಸಲ ನಾವು ಕಾಫಿಗೆ ಸಿಕ್ಕಾಗ ಒಂದು ಗಂಟೆ ವಿಕ್ ಟ್ಯಾಂಡಿ ಕಥೆ ಹೇಳಿದ್ದ. ಇಂಗ್ಲೆಂಡಿನ ಕೊವೆಂಟ್ರಿಯ ಎಂಜಿನಿಯರು. ಲ್ಯಾಬಿನಲ್ಲಿ ಕಣ್ಣಂಚಿಗೆ ಬೂದು ಆಕೃತಿ ಕಾಣಿಸುತ್ತಿತ್ತು, ಮೈ ಬೆವರುತ್ತಿತ್ತು. ಕೊನೆಗೆ ನೋಡಿದರೆ ಹೊಸದಾಗಿ ಹಾಕಿಸಿದ್ದ ಫ್ಯಾನು. ಕಿವಿಗೆ ಕೇಳದ, ಸುಮಾರು 19 ಹರ್ಟ್ಸ್ ಸದ್ದು. 1998ರಲ್ಲಿ ಪ್ರಬಂಧ ಬರೆದ. ನಾನು ಕಾಫಿ ಆರಿ ತಣ್ಣಗಾದರೂ ಹೂಂ ಅನ್ನುತ್ತಾ ಕೂತಿದ್ದೆ. ನನಗೆ ಫ್ಯಾನಿನ ಬಗ್ಗೆ ಯಾವ ಆಸಕ್ತಿಯೂ ಇರಲಿಲ್ಲ.

ನಿನ್ನೆ ಅಜ್ಜಿ ರಾತ್ರಿ ಹನ್ನೊಂದಕ್ಕೆ ಕಾಫಿ ಕೊಡುತ್ತಾ ಕೇಳಿದರು. "ನೀವಿಬ್ರೂ ಅಣ್ತಮ್ಮಂದಿರೇನಪ್ಪಾ?"

"ಹೌದಜ್ಜಿ, ಕಸಿನ್ಸ್" ಅಂದೆ. ಇವನು ಬಾಯಿ ತೆರೆಯುವ ಮುಂಚೆಯೇ.

ಆಮೇಲೆ ಅಜ್ಜಿ ಭೀಮನ ಅಮಾವಾಸ್ಯೆಯ ವ್ರತಕಥೆ ಹೇಳಿದರು. ಅಪ್ಪ ಅಮ್ಮ ಕಾಶಿಗೆ ಹೋಗಿದ್ದಾಗ ಅಣ್ಣ ದುಡ್ಡಿನ ಆಸೆಗೆ ತಂಗಿಯನ್ನ ಸತ್ತ ರಾಜಕುಮಾರನಿಗೆ ಕೊಟ್ಟು ಮದುವೆ ಮಾಡುತ್ತಾನೆ. ಅವಳು ಹೆಣದ ಪಕ್ಕ ಕೂತು ಮಣ್ಣಿನ ದೀಪ ಮಾಡಿ ಪೂಜೆ ಮಾಡುತ್ತಾಳೆ. ಶಿವ ಪಾರ್ವತಿ ಬಂದು ಅವನನ್ನ ಬದುಕಿಸುತ್ತಾರೆ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಇವನು ಮಾತ್ರ ಹೊಸದಾಗಿ ಕೇಳುವವನ ಹಾಗೆ ಕೇಳಿದ.

ಟೆರೇಸಿಗೆ ಹತ್ತಿ, ನೀರಿನ ಟ್ಯಾಂಕಿನ ಮರೆಯಲ್ಲಿ ಕೂತೆವು. ತುಂತುರು ಮಳೆ. ಇವನ ತೊಡೆ ಮೇಲೆ ಕೆ2 ಮೀಟರು, ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವಂಥದ್ದು. ಒಂದೇ ಹಸಿರು ದೀಪ.

"ನಮ್ಮಲ್ಲಿ ಈ ಆಟಿ ತಿಂಗಳಲ್ಲೇ ಕುಲೆ ಮದಿಮೆ ಮಾಡ್ತಾರೆ, ಗೊತ್ತುಂಟಲ್ಲ?"

ಗೊತ್ತಿತ್ತು. ಮದುವೆಯಾಗದೆ ಸತ್ತವರಿಗೆ ಅವರದ್ದೇ ತರಹದ ಇನ್ನೊಬ್ಬರನ್ನ ಹುಡುಕಿ ಮಾಡುವ ಮದುವೆ. ಒಂದು ಕುರ್ಚಿ ಮೇಲೆ ಸೀರೆ, ಪಕ್ಕದ ಕುರ್ಚಿ ಮೇಲೆ ಶರ್ಟು ಪಂಚೆ. ನೆಂಟರು, ಊಟ ಎಲ್ಲ ಇರುತ್ತೆ. ಈ ವರ್ಷವೇ ಪುತ್ತೂರು ಕಡೆಯ ಒಂದು ಮನೆಯವರು 30 ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ಪ್ರೇತ ವರ ಬೇಕು ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರಲ್ಲ.

"ನಾನು ಹೀಗೇ ಸತ್ತೆ ಅಂತಿಟ್ಕೋ. ಅಮ್ಮ ಬಿಡ್ತಾರಾ? ಮನೆಯಲ್ಲಿ ಯಾರಿಗಾದ್ರೂ ಹುಷಾರು ತಪ್ಪುತ್ತದೆ. ಜ್ಯೋತಿಷಿ ಕವಡೆ ಹಾಕಿ ನನ್ನ ಹೆಸರು ಹೇಳ್ತಾನೆ. ಮತ್ತೆ ಒಳ್ಳೆ ಮನೆಯ ಸತ್ತ ಹುಡುಗಿ ನೋಡಿ ಮಾಡಿಸಿಯೇ ಬಿಡ್ತಾರೆ. ಈಗಾದ್ರೆ ಬೇಡ ಅಂತ ಹೇಳ್ಲಿಕ್ಕೆ ಬಾಯಿ ಉಂಟು. ಆಗ ಎಂತ ಮಾಡುವುದು ಮಾರಾಯ?"

ನಕ್ಕೆ. "ಆ ಹುಡುಗಿ ಗತಿ ಏನೋ, ಪಾಪ."

"ಅವಳೂ ನಮ್ಮ ಹಾಗೇ ಇದ್ರೆ ತೊಂದರೆ ಇಲ್ಲ. ಹೇಗೋ ಸುಧಾರಿಸ್ತೇವೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದ. "ಸುಪ್ರೀಂ ಕೋರ್ಟು ಇಲ್ಲ ಅಂದದ್ದು ಬದುಕಿದವರಿಗೆ. ಕುಲೆಗಳ ಬಗ್ಗೆ ಎಂತದೂ ಹೇಳಲಿಲ್ಲ."

2023ರ ಅಕ್ಟೋಬರ್ 17, ಸಲಿಂಗ ಮದುವೆಯ ತೀರ್ಪು. ಅವತ್ತು ಇಬ್ಬರೂ ರಜೆ ಹಾಕಿ ಲೈವ್ ನೋಡಿದ್ದೆವು. ಅನ್ನ ಮಾಡಿಟ್ಟಿದ್ದು ಹಾಗೇ ಉಳಿದಿತ್ತು. ಅದಾದ ಮೇಲೆ ಆ ವಿಷಯ ಇವನು ತಮಾಷೆಗೂ ಎತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಮನೆ ಸೇರಿದೆವು. ಸೇರುವಷ್ಟರಲ್ಲಿ ಇವನ ಅಮ್ಮನ ಫೋನು. ಆಟಿ ಅಮಾವಾಸ್ಯೆ, ಪಾಲೆ ಕಷಾಯ ಕುಡಿದ್ಯಾ ಅಂತ. "ಕುಡಿದೆ ಅಮ್ಮ" ಅಂದ. ಹುಡುಗಿ ವಿಷಯ ಬರಲಿಲ್ಲ. ಆಟಿಯಲ್ಲಿ ಮದುವೆ ಮಾತು ಆಡುವುದಿಲ್ಲ, ಅದೊಂದು ತಿಂಗಳು ನಮಗೆ ರಜೆ. ಇನ್ನು ಹತ್ತು ಹನ್ನೆರಡು ದಿನಕ್ಕೆ ಅದೂ ಮುಗಿಯುತ್ತೆ.

ಒಂಬತ್ತಕ್ಕೆ ಕೆಳಗಿನ ಮನೆ ಅಕ್ಕ ಬಾಗಿಲು ಬಡಿದರು. ತಮ್ಮ ಈ ಸಲ ಬರಲಿಲ್ಲವಂತೆ. "ನೀವಿಬ್ರೂ ಇದ್ದೀರಲ್ಲ, ಬಂದು ಭಂಡಾರ ಒಡೀರಿ." ಹೊಸ್ತಿಲ ಮೇಲೆ ಇಟ್ಟ ಕಡುಬಿಗೆ ಮೊಣಕೈಯಿಂದ ಗುದ್ದಿದೆವು. ನನಗೆ ಐದು ರೂಪಾಯಿ ಸಿಕ್ಕಿತು. ಇವನಿಗೆ ಹತ್ತು, ಜೊತೆಗೆ ತರಚು ಗಾಯ. ನಿದ್ದೆಗಣ್ಣಲ್ಲೂ ಮಕ್ಕಳ ಹಾಗೆ ನಗುತ್ತಿದ್ದ. ಆ ಹತ್ತು ರೂಪಾಯಿ ಈಗ ಮೀಟರಿನ ಡಬ್ಬಿಯಲ್ಲಿದೆ.

ರೆಕಾರ್ಡಿಂಗ್ ವಿಷಯ. 2:47ಕ್ಕೆ ಇವನ ದನಿ ಇದೆ. "ಆಟಿ ಕಳೆದ ಮೇಲೆ ಊರಿಗೆ ಹೋಗ್ತೇನೆ. ಅಮ್ಮನಿಗೆ ಹೇಳಿಬಿಡ್ಬೇಕು ಅಂತ ಉಂಟು. ನೀನೂ ಬರ್ತೀಯಾ?"

ನಾನು ಉತ್ತರ ಕೊಡುವಷ್ಟರಲ್ಲಿ ಪೈಪು ಬಡಿಯಿತು ಅಂತ ಇವತ್ತು ಇಡೀ ದಿನ ಅಂದುಕೊಂಡಿದ್ದೆ. ಧಡ್, ಧಡ್, ಧಡ್. ಥೇಟ್ ಮನುಷ್ಯನ ಹೆಜ್ಜೆ. "ಬಂತು, ಬಂತು!" ಅಂತ ನಾನು ಕೂಗಿದ್ದು ಚೆನ್ನಾಗಿ ಕೇಳಿಸುತ್ತೆ.

ಈಗ ನಾಲ್ಕು ಸಲ ಕೇಳಿದೆ. ನಡುವೆ 11 ಸೆಕೆಂಡ್ ಇದೆ. ಟ್ಯಾಂಕಿನ ಮುಚ್ಚಳದ ಮೇಲೆ ಮಳೆ ಹನಿ. ದೂರದಲ್ಲಿ ಒಂದು ಆಟೋ. ಎಂಟನೇ ಸೆಕೆಂಡಿಗೆ ಟಿಕ್ ಅಂತ ಸಣ್ಣ ಸದ್ದು. ಇವನು ಮೀಟರ್ ಆಫ್ ಮಾಡಿದ್ದು.

ಬೇರೆಯವರ ಮನೆಯ ಮೌನದಲ್ಲಿ ಯಾರಾದರೂ ಪಿಸುಗುಟ್ಟುತ್ತಾರಾ ಅಂತ ದುಡ್ಡು ಇಸ್ಕೊಂಡು ಕೇಳುವವನು ನಾನು. ವಾಲ್ಯೂಮ್ ಪೂರ್ತಿ ಏರಿಸಿದೆ. ನನ್ನ ಕಡೆಯಿಂದ ಏನೂ ಇಲ್ಲ.

ಇನ್ನೂ ಕತ್ತರಿಸಿಲ್ಲ.

ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಂತಿದೆ. ಅಷ್ಟರೊಳಗೆ ಸರಿಯಾಗಬಹುದು. ಸುಮ್ನೆ ಬಸ್ಸಿನ ಸೀಟು ನೋಡಿದೆ. ಎಷ್ಟು ಜನ ಅಂತ ಕೇಳುತ್ತಿದೆ